ಮುಳ್ಳಯ್ಯನಗಿರಿಗೆ ಸಣ್ಣ ಕಾರು: ಇಳಿಯುವಾಗಲೇ ಜೋಪಾನ

ಸಾವಿರ ಸಿಸಿ ಕಾರಿಗೂ ಮುಳ್ಳಯ್ಯನಗಿರಿ ಹತ್ತುವುದು ದೊಡ್ಡ ಮಾತಲ್ಲ. ಸುಮಾರು 1930 ಮೀಟರ್ ಎತ್ತರದಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಸಮುದ್ರಮಟ್ಟದಲ್ಲಿದ್ದ ಶಕ್ತಿಯ ಐದನೇ ಒಂದು ಭಾಗ ಕಳೆದುಕೊಳ್ಳುತ್ತದೆ. ತಿರುವಿಗೆ ಮೊದಲೇ ಫಸ್ಟ್ ಗೇರಿಗೆ ಬನ್ನಿ, ಏಸಿ ಆಫ್ ಮಾಡಿ, ಹಾಫ್ ಕ್ಲಚ್ಚಿನಲ್ಲಿ ಕಾರು ಹಿಡಿದು ನಿಲ್ಲಿಸಬೇಡಿ. ಅಷ್ಟೇ.

ತಾಪತ್ರಯವೆಲ್ಲ ಇಳಿಯುವಾಗ. ಬ್ರೇಕ್ ಒತ್ತುತ್ತಲೇ ಇದ್ದರೆ ಬ್ರೇಕೂ ಅದರ ಆಯಿಲೂ ಕಾಯುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನೂ ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯುವುದಿಲ್ಲ; ತೇವ ಸೇರಿದ್ದು 140ರ ಆಸುಪಾಸಿನಲ್ಲೇ ಕುದಿಯಬಹುದು. ಆವಿಯ ಗುಳ್ಳೆ ಕುಗ್ಗಿ ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಆಯಿಲ್‌ಗೆ ಎರಡು ವರ್ಷ ದಾಟಿದ್ದರೆ ಚಿಕ್ಕಮಗಳೂರಿನಲ್ಲೇ ಬದಲಾಯಿಸಿಕೊಳ್ಳಿ.

ಇಳಿಜಾರಿಗೆ ಸೆಕೆಂಡ್ ಗೇರು, ಎಂಜಿನ್ನೇ ಕಾರನ್ನು ತಡೆಯುತ್ತದೆ. ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತದೆ ಅನ್ನೋದು ಬರೀ ಭ್ರಮೆ: ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲಿ ಇಳಿಯುವಾಗಲೇ ಇಂಜೆಕ್ಟರ್ (ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ಪೆಟ್ರೋಲ್ ನಿಲ್ಲಿಸುವುದು. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಆರಲು ಬಿಡಿ. ಬಿಸಿ ಬ್ರೇಕಿಗೆ ನೀರು ಮಾತ್ರ ಸುರಿಯಬೇಡಿ, ಬ್ರೇಕ್ ಡಿಸ್ಕ್ ಸೊಟ್ಟಗಾದೀತು.