ಉಪ್ಪಿಲ್ಲದ ಕಡಲು: ಏಳು ತಿಂಗಳು, ನಾಲ್ಕು ಫೋಟೋ

ಕಳೆದ ಸೆಪ್ಟೆಂಬರಿನಲ್ಲಿ ಶುರು ಮಾಡಿದ ಕೆಲಸ ಇದು. ಅಮೆರಿಕದ ಲೇಕ್ ಸುಪೀರಿಯರ್ ಎಂಬ ಸಿಹಿನೀರಿನ ಸರೋವರದ ಮಿನ್ನೆಸೋಟ ರಾಜ್ಯದ ದಂಡೆ, ಡುಲುತ್‌ನಿಂದ ಗ್ರ್ಯಾಂಡ್ ಮರೇವರೆಗೆ, ಹೈವೇ 61ರ ಉದ್ದಕ್ಕೂ ಸುಮಾರು 175 ಕಿಲೋಮೀಟರ್. ತಿಂಗಳಿಗೊಂದರಂತೆ ವರ್ಷಕ್ಕೆ 12 ಫೋಟೋ, ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕುವಂಥವು. ಈಗ ಮಾರ್ಚ್. ಏಳು ಆಗಬೇಕಿತ್ತು, ಆಗಿರೋದು ನಾಲ್ಕು. ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಆರು ಸಾವಿರ ಚಿಲ್ಲರೆ ಫೈಲ್ ಬಿದ್ದಿವೆ.

ನಾನು ಹೊನ್ನಾವರದ ಕಡೆಯವನು. ಕಡಲು ನೋಡಿ ಬೆಳೆದವನಿಗೆ ಕೆರೆ ಏನು ಮಹಾ ಅಂದುಕೊಂಡಿದ್ದೇ ಮೊದಲ ತಪ್ಪು. ಇದರ ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಜಾಸ್ತಿ. ಆಳ ಕೆಲವು ಕಡೆ 400 ಮೀಟರ್ ದಾಟುತ್ತದೆ. ತೆರೆ ಹೊಡೆಯುತ್ತದೆ, ಬಂಡೆ ಒದ್ದೆಯಾಗುತ್ತದೆ, ದೀಪಸ್ತಂಭ ಇದೆ. ಆದರೆ ಉಪ್ಪಿನ ವಾಸನೆ ಇಲ್ಲ, ಮೀನುಪೇಟೆಯ ವಾಸನೆ ಮೊದಲೇ ಇಲ್ಲ. ಕಣ್ಣು ಕಡಲು ಅನ್ನುತ್ತದೆ, ಮೂಗು ಒಪ್ಪುವುದಿಲ್ಲ.

ಕಷ್ಟ ಏನೆಂದರೆ ಈ ದೊಡ್ಡತನ ಫೋಟೋದಲ್ಲಿ ಬರುವುದೇ ಇಲ್ಲ. ಸೆಪ್ಟೆಂಬರ್ ಪೂರ್ತಿ 16 ಎಂಎಂ ಲೆನ್ಸ್ ಹಾಕಿಕೊಂಡು ಓಡಾಡಿದೆ, ದೊಡ್ಡ ಜಾಗಕ್ಕೆ ಅಗಲದ ಲೆನ್ಸೇ ಸರಿ ಅಂತ. ಮನೆಗೆ ಬಂದು ನೋಡಿದರೆ ಮುಂದೆ ನಾಲ್ಕು ಕಲ್ಲು, ಹಿಂದೆ ಒಂದು ಗೆರೆ. ಅಮ್ಮನಿಗೆ ಕಳಿಸಿದೆ. "ಯಾವ ಊರಿನ ಕೆರೆ ಮಾರಾಯ?" ಅಂದಳು. ಅದಕ್ಕಿಂತ ಒಳ್ಳೆ ವಿಮರ್ಶೆ ಇನ್ನೂ ಸಿಕ್ಕಿಲ್ಲ.

ಅಕ್ಟೋಬರಿನಲ್ಲಿ ದೂರದ್ದನ್ನು ಹತ್ತಿರಕ್ಕೆ ಎಳೆಯುವ 70-200 ಎಂಎಂ ಲೆನ್ಸ್ ತೆಗೆದೆ. ಪ್ಯಾಲಿಸೇಡ್ ಹೆಡ್ ಬಂಡೆ ಹತ್ತಿ, ದಂಡೆಯ ಅಂಚಿನಲ್ಲಿ ಹಳದಿಯಾದ ಬರ್ಚ್ ಮರಗಳನ್ನು ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಇಟ್ಟು, ಉಳಿದಿದ್ದೆಲ್ಲ ನೀರಿಗೆ ಬಿಟ್ಟೆ. ಅದು ಮೊದಲನೇ ಪ್ರಿಂಟ್.

ಎರಡನೇ ಪಾಠ ಗಾಳಿಯದ್ದು. ಊರಿನಲ್ಲಿ ಫೋಟೋಗೆ ಹೊರಡುವ ಮೊದಲು ಭರತ ಯಾವಾಗ, ಇಳಿತ ಯಾವಾಗ ಅಂತ ನೋಡುತ್ತೇವೆ ಅಲ್ವಾ? ಇಲ್ಲಿ ಕಣ್ಣಿಗೆ ಕಾಣುವಂಥ ಭರತವೇ ಇಲ್ಲ. ನಾನು ಸುಮ್ನೆ ಸೂರ್ಯೋದಯದ ಸಮಯ ನೋಡಿಕೊಂಡು, ಮಿನಿಯಾಪೊಲಿಸ್‌ನಿಂದ ರಾತ್ರಿ ಮೂರಕ್ಕೆ ಹೊರಟು, ಮೂರೂವರೆ ತಾಸು ಕಾರು ಓಡಿಸಿ ಬಂದರೆ, ನೀರು ತಟ್ಟೆಯಲ್ಲಿಟ್ಟ ಗಂಜಿಯ ಹಾಗೆ ಮಲಗಿರುತ್ತಿತ್ತು. ಹೀಗೆ ಐದು ಸಲ ಆಯಿತು. ವಾಯವ್ಯದ ಗಾಳಿ ನೆಲದಿಂದ ನೀರಿನ ಕಡೆ ಬೀಸುತ್ತದೆ, ಹಾಗಾಗಿ ಈ ದಂಡೆಯಲ್ಲಿ ತೆರೆ ಏಳುವುದಿಲ್ಲ ಅಂತ ಆಮೇಲೆ ತಿಳಿಯಿತು. ಈಶಾನ್ಯದಿಂದ ಬೀಸಿದರೆ ಕತೆಯೇ ಬೇರೆ. ಸರೋವರದ ಉದ್ದಕ್ಕೂ ನೂರಾರು ಕಿಲೋಮೀಟರ್ ಅಡ್ಡಿಯಿಲ್ಲದೆ ಬಂದ ಗಾಳಿ ತೆರೆಗಳನ್ನು ತಳ್ಳಿಕೊಂಡು ಬಂದು ಬಂಡೆಗೆ ಅಪ್ಪಳಿಸುತ್ತದೆ. ಈಗ ಆಕಾಶ ಆಮೇಲೆ, ಮೊದಲು ಗಾಳಿಯ ದಿಕ್ಕು. ಎರಡು ದಿನ ಈಶಾನ್ಯ ಗಾಳಿ ಅಂತಿದ್ದರೆ ರಜೆ ಹಾಕುವುದೇ!

ನವೆಂಬರ್ 10ಕ್ಕೆ ಸ್ಪ್ಲಿಟ್ ರಾಕ್ ದೀಪಸ್ತಂಭಕ್ಕೆ ಹೋಗಿದ್ದೆ. 1905ರ ನವೆಂಬರಿನ ಬಿರುಗಾಳಿಯಲ್ಲಿ ಹಡಗುಗಳು ಒಡೆದ ಮೇಲೆ ಸುಮಾರು 40 ಮೀಟರ್ ಎತ್ತರದ ಬಂಡೆಯ ಮೇಲೆ ಇದನ್ನು ಕಟ್ಟಿದರು. 1910ರಲ್ಲಿ ದೀಪ ಹತ್ತಿತು, 1969ರಲ್ಲಿ ಕೆಲಸ ನಿಲ್ಲಿಸಿತು. 1975ರ ನವೆಂಬರ್ 10ರಂದು ಇದೇ ಸರೋವರದಲ್ಲಿ ಎಡ್ಮಂಡ್ ಫಿಟ್ಜೆರಾಲ್ಡ್ ಎಂಬ ಅದಿರು ಹಡಗು 29 ಜನರೊಂದಿಗೆ ಮುಳುಗಿತು. ಪ್ರತಿ ವರ್ಷ ಆ ದಿನ ಸಂಜೆ ಅವರ ಹೆಸರು ಓದಿ, ಒಂದೊಂದು ಹೆಸರಿಗೂ ಗಂಟೆ ಬಾರಿಸಿ, ಸರೋವರ ನುಂಗಿದ ಉಳಿದವರೆಲ್ಲರಿಗೂ ಅಂತ ಮೂವತ್ತನೆಯದನ್ನು ಬಾರಿಸಿ, ಆಮೇಲೆ ದೀಪ ಹಚ್ಚುತ್ತಾರೆ. ಕೆಳಗಿನ ಕಲ್ಲು ದಂಡೆಯಲ್ಲಿ ಟ್ರೈಪಾಡುಗಳ ಜಾತ್ರೆ. ನಾನು 30 ಸೆಕೆಂಡ್ ಶಟರ್ ತೆರೆದಿಟ್ಟು ದೀಪವನ್ನು ಬಿಳಿ ಉಂಡೆ ಮಾಡಿದೆ. 4 ಸೆಕೆಂಡಿಗೆ ಇಳಿಸಿದ ಮೇಲೆ ಒಂದು ಸರಿ ಬಂತು. ಬಂಡೆ ಕಪ್ಪು, ನೀರು ಕಪ್ಪು, ಮೇಲೆ ಒಂದು ಚುಕ್ಕೆ ಬೆಳಕು. ಎರಡನೇ ಪ್ರಿಂಟ್.

ಡಿಸೆಂಬರಿನಲ್ಲಿ ಏನೂ ಇಲ್ಲ. ತೆರೆಯ ಹನಿ ಬಿದ್ದು ಬಂಡೆಯ ಮೇಲೆ ಗಾಜಿನಂಥ ಮಂಜುಗಡ್ಡೆ ಕಟ್ಟಿತ್ತು. ಕಾಲು ಜಾರಿತು, ಮೊಣಕೈ ಊದಿತು, ಬೆಳಕು ತಡೆಯಲು ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜಿನ ಫಿಲ್ಟರ್ ಎರಡು ಹೋಳು. ಬೂಟಿಗೆ ಹಾಕುವ ಮುಳ್ಳು ಕಾರಿನಲ್ಲೇ ಇತ್ತು. ಬೈಯೋಕೆ ಬೇರೆ ಯಾರೂ ಇರಲಿಲ್ಲ.

ಜನವರಿಯದ್ದು ನನಗೆ ಎಲ್ಲಕ್ಕಿಂತ ಇಷ್ಟ. ಮೈನಸ್ 26 ಡಿಗ್ರಿ, ಡುಲುತ್‌ನ ಕೆನಾಲ್ ಪಾರ್ಕ್. ನೀರು ಇನ್ನೂ ಹೆಪ್ಪುಗಟ್ಟಿರಲಿಲ್ಲ, ಗಾಳಿ ಅದಕ್ಕಿಂತ ಎಷ್ಟೋ ತಣ್ಣಗೆ. ಹಾಗಾದಾಗ ನೀರಿನಿಂದ ಏಳುವ ಆವಿ ಅಲ್ಲೇ ಸಣ್ಣ ಹನಿಗಳಾಗಿ ಹೊಗೆಯ ಹಾಗೆ ಓಡುತ್ತದೆ, ಇಲ್ಲಿಯವರು ಸೀ ಸ್ಮೋಕ್ ಅನ್ನುತ್ತಾರೆ. ನನಗೆ ನೆನಪಾಗಿದ್ದು ಬಚ್ಚಲುಮನೆಯ ಹಂಡೆ. ಸೂರ್ಯ ಬಂದ ಕೂಡಲೇ ಇಡೀ ಸರೋವರಕ್ಕೆ ಯಾರೋ ಒಲೆ ಹಚ್ಚಿದ ಹಾಗಿತ್ತು. ಬ್ಯಾಟರಿ ಇಪ್ಪತ್ತು ನಿಮಿಷಕ್ಕೆ ಸತ್ತಿತು, ಎರಡನೆಯದನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದಕ್ಕೆ ಬಚಾವ್. ಕ್ಯಾಮೆರಾವನ್ನು ಹೊರಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು ಕಟ್ಟಿ ಒಳಗೆ ತನ್ನಿ, ಇಲ್ಲದಿದ್ದರೆ ಲೆನ್ಸೆಲ್ಲ ನೀರು.

ಫೆಬ್ರವರಿಯ ಪ್ರಿಂಟ್ ಮಂಜುಗಡ್ಡೆಯದ್ದು. ಗಾಳಿ ತಳ್ಳಿದ ತೆಳು ಹಾಳೆಗಳು ದಂಡೆಯಲ್ಲಿ ಹಪ್ಪಳದ ಹಾಗೆ ಒಂದರ ಮೇಲೊಂದು ಬೀಳುತ್ತವೆ, ಬೀಳುವಾಗ ಗಾಜಿನ ಬಳೆಯ ಸದ್ದು. ಕ್ಯಾಮೆರಾದ ಮೀಟರ್ ಬಿಳಿ ಕಂಡರೆ ಬೂದು ಮಾಡುತ್ತದೆ, ಒಂದು ಸ್ಟಾಪ್, ಅಂದರೆ ಎರಡರಷ್ಟು ಬೆಳಕು, ಜಾಸ್ತಿ ಕೊಡಬೇಕಾಯಿತು. ಪ್ರಿಂಟ್ ಮೊದಲ ಸಲ ಕತ್ತಲೆ ಬಂತು. ತಪ್ಪು ನನ್ನದೇ, ಮಾನಿಟರಿನ ಬ್ರೈಟ್‌ನೆಸ್ ವಿಪರೀತ ಇಟ್ಟುಕೊಂಡಿದ್ದೆ.

ಮಾರ್ಚಿನದ್ದು ಬಾಕಿ ಇದೆ. ಕೆಳಗಿನ ಸರೋವರಗಳಿಂದ ಹಡಗುಗಳನ್ನು ಇಲ್ಲಿಗೆ ಮೇಲಕ್ಕೆತ್ತುವ ಕಾಲುವೆ ಬಾಗಿಲು ಸೂ ಲಾಕ್ಸ್, ಜನವರಿ 15ಕ್ಕೆ ಮುಚ್ಚಿದ್ದು ಮಾರ್ಚ್ 25ಕ್ಕೆ ತೆರೆಯುತ್ತದೆ. ಆಮೇಲೆ 300 ಮೀಟರ್ ಉದ್ದದ ಹಡಗುಗಳು ಅದಿರು ತುಂಬಿಸಿಕೊಳ್ಳಲು ಇದೇ ದಂಡೆಯ ಟೂ ಹಾರ್ಬರ್ಸ್ ಬಂದರಿಗೆ ಬರಬೇಕು. ಅಂಥದ್ದೊಂದು ದಿಗಂತದಲ್ಲಿ ಬೆಂಕಿಕಡ್ಡಿಯಷ್ಟು ಕಾಣುವ ಫೋಟೋ ಬೇಕು ನನಗೆ. ಮುಳ್ಳು ಈಗಲೇ ಬೂಟಿಗೆ ಹಾಕಿಟ್ಟಿದ್ದೇನೆ. ಸಿಕ್ಕರೆ ಮೊದಲು ಅಮ್ಮನಿಗೆ ಕಳಿಸುತ್ತೇನೆ.