ಮೇರಿಲ್ಯಾಂಡಿನ ಸೆಂಟರ್ ಬ್ಯಾಕ್

ಸಂಚಿಕೆಗೆ ನೆನಪು ಬರೆದು ಕೊಡಿ ಎಂದು ಸಂಪಾದಕರು ಕೇಳಿದಾಗ, ನಾನು ಓದಿದ ಎರಡನೆಯ ಕಾಲೇಜಿನ ಆಟಗಾರನೊಬ್ಬನ ಬಗ್ಗೆ ಬರೆಯಲಾ ಎಂದೆ. ಖುಷಿಯಿಂದ ಒಪ್ಪಿದರು. ಇಲ್ಲಿ ಬಿ.ಇ. ಮುಗಿಸಿ ನಾನು ಎಂ.ಎಸ್. ಮಾಡಲು ಹೋಗಿದ್ದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ. ಒಮರ್ ಗೊಂಜಾಲೆಜ್ ಆಗ ಅಲ್ಲಿನ ಫುಟ್‌ಬಾಲ್ ತಂಡದ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ಎದುರಾಳಿಗಳನ್ನು ತಡೆಯುವ ಡಿಫೆಂಡರ್. ನನಗಿಂತ ಚಿಕ್ಕವನು. ಮಾತಾಡಿಸಿದವಳಲ್ಲ, ಆದರೆ ಅವನ ಆಟವನ್ನು ಮನಸಾರೆ ನೋಡಿದವಳು.

ಕಾಲೇಜ್ ಪಾರ್ಕ್‌ನ ಲುಡ್ವಿಗ್ ಮೈದಾನಕ್ಕೆ ನನ್ನನ್ನು ಎಳೆದುಕೊಂಡು ಹೋಗಿದ್ದು ರೂಮ್‌ಮೇಟ್. ಕ್ರಿಕೆಟ್ ಬಿಟ್ಟರೆ ಬೇರೆ ಆಟ ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಒಮರ್ ಆರಡಿ ಐದಿಂಚು ಎತ್ತರ, ಹಾಗಾಗಿ ಕಣ್ಣು ತಾನಾಗಿಯೇ ಅವನ ಕಡೆ ಹೋಯಿತು. ನೋಡ್ತಾ ನೋಡ್ತಾ ಗೊತ್ತಾಯಿತು, ಎತ್ತರ ಒಂದೇ ಅಲ್ಲ ಅಂತ. ಎದುರಾಳಿ ಕಾರ್ನರ್‌ಗೆ ಚೆಂಡಿಟ್ಟಾಗ ಒಂದು ಕೈ ಹಿಂದಕ್ಕೆ ಚಾಚಿ, ತಾನು ಕಾಯಬೇಕಾದ ಹುಡುಗ ಎಲ್ಲಿದ್ದಾನೆ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದ. ಕಣ್ಣು ಮಾತ್ರ ಚೆಂಡಿನ ಮೇಲೆ. ಚೆಂಡು ಮೇಲೆದ್ದ ಕೂಡಲೇ ಎರಡು ಹೆಜ್ಜೆ ಮುಂದೆ, ಹಣೆಯಿಂದ ಒಂದು ಏಟು, ಚೆಂಡು ಮೈದಾನದ ಅರ್ಧ ದಾಟಿರುತ್ತಿತ್ತು. ಪಕ್ಕದಲ್ಲಿ ಎ.ಜೆ. ಡೆಲಗಾರ್ಜಾ. ಸೆಂಟರ್ ಬ್ಯಾಕ್‌ಗೆ ಇವನು ತೀರಾ ಗಿಡ್ಡ, ಆದರೆ ಓಟ ಚುರುಕು. ಮೇಲಿನದ್ದು ಒಮರ್‌ಗೆ, ಕೆಳಗಿನದ್ದು ಎ.ಜೆ.ಗೆ. ಆ ಜೋಡಿಯನ್ನು ಕಟ್ಟಿದ್ದು ಕೋಚ್ ಸಾಶೊ ಚಿರೋವ್ಸ್ಕಿ.

2008ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕಾಲೇಜು ಫೈನಲ್. ಎದುರಿಗೆ ನಾರ್ತ್ ಕೆರೊಲಿನಾ. ಗ್ರಹಾಂ ಜೂಸಿ ಹೊಡೆದ ಒಂದೇ ಗೋಲು, 1-0. ಪಂದ್ಯ ನಡೆದಿದ್ದು ಟೆಕ್ಸಾಸ್‌ನ ಫ್ರಿಸ್ಕೊದಲ್ಲಿ, ಅಂದರೆ ಒಮರ್ ಹುಟ್ಟಿದ ಡಲ್ಲಾಸ್‌ನ ಪಕ್ಕದಲ್ಲೇ. ಪರೀಕ್ಷೆ ಹತ್ತಿರವಿದ್ದರೂ ನಾವೆಲ್ಲ ಟಿವಿ ಮುಂದೆ. ಗೆದ್ದಾಗ ಕೂಗಾಡಿದ್ದು ಇನ್ನೂ ಕಿವಿಯಲ್ಲಿದೆ.

ಮುಂದಿನ ತಿಂಗಳೇ ಎಂಎಲ್‌ಎಸ್ ಡ್ರಾಫ್ಟ್, ಅಂದರೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ. ಒಮರ್‌ನನ್ನು ಮೂರನೆಯವನಾಗಿ ಎಲ್‌ಎ ಗ್ಯಾಲಕ್ಸಿ ಆರಿಸಿಕೊಂಡಿತು. ಎರಡನೇ ಸುತ್ತಿನಲ್ಲಿ ಅದೇ ತಂಡ ಡೆಲಗಾರ್ಜಾನನ್ನೂ ತೆಗೆದುಕೊಂಡಿತು! ಕಾಲೇಜಿನ ಜೋಡಿ ಹಾಗೇ ಲಾಸ್ ಏಂಜಲೀಸ್‌ಗೆ ಹೋಯಿತು. ಬೆಕಮ್, ಡೊನೊವನ್‌ರಂಥ ತಾರೆಯರಿದ್ದ ತಂಡ ಅದು. ಪತ್ರಿಕೆಗಳು ಆ ತಾರೆಯರ ಬಗ್ಗೆ ಬರೆದವು. ಆದರೆ ಆ ವರ್ಷದ ಹೊಸಬರಲ್ಲಿ ಅತ್ಯುತ್ತಮ ಎಂಬ ಪ್ರಶಸ್ತಿ ಒಮರ್‌ಗೆ ಬಂತು, 2011ರಲ್ಲಿ ಲೀಗ್‌ನ ಅತ್ಯುತ್ತಮ ಡಿಫೆಂಡರ್ ಕೂಡ ಅವನೇ. ಆ ವರ್ಷ ಗ್ಯಾಲಕ್ಸಿ ಎಂಎಲ್‌ಎಸ್ ಕಪ್ಪನ್ನೂ ಗೆದ್ದಿತು.

2012ರ ಜನವರಿ ನೆನೆದರೆ ಈಗಲೂ ಸಂಕಟ. ಎರವಲು ಆಟಗಾರನಾಗಿ ಜರ್ಮನಿಯ ನ್ಯೂರೆಂಬರ್ಗ್ ಕ್ಲಬ್‌ಗೆ ಹೋದ. ಮೊದಲ ಅಭ್ಯಾಸದಲ್ಲೇ ಮೊಣಕಾಲಿನ ಲಿಗಮೆಂಟ್ ಹರಿಯಿತು. ಒಂದೂ ಪಂದ್ಯ ಆಡದೆ ವಾಪಸ್. ಬೇಸಿಗೆ ಹೊತ್ತಿಗೆ ಮತ್ತೆ ಮೈದಾನಕ್ಕಿಳಿದ. ಡಿಸೆಂಬರ್ 1ರ ಎಂಎಲ್‌ಎಸ್ ಫೈನಲ್‌ನಲ್ಲಿ ಹ್ಯೂಸ್ಟನ್ ಮೊದಲು ಗೋಲು ಹೊಡೆಯಿತು. ಸಮ ಮಾಡಿದ್ದು ಒಮರ್, ತಲೆಯಿಂದ. ಅಲ್ಲಿಂದ ಆಟವೇ ತಿರುಗಿತು, 3-1. ಗ್ಯಾಲಕ್ಸಿಗೆ ಬೆಕಮ್ ಆಡಿದ ಕೊನೆಯ ಪಂದ್ಯ ಅದು. ಪಂದ್ಯಶ್ರೇಷ್ಠ ಮಾತ್ರ ನಮ್ಮ ಕಾಲೇಜಿನವನು.

ಅಮೆರಿಕ ದೇಶದ ತಂಡದಲ್ಲಿ ಅವನ ಅತಿ ಒಳ್ಳೆಯ ಆಟ ಯಾವುದು ಎಂದರೆ ನಾನು ಹೇಳೋದು 2013ರ ಮಾರ್ಚ್‌ನ ಅಜ್ಟೆಕಾ ಕ್ರೀಡಾಂಗಣದ ಪಂದ್ಯ. ವಿಶ್ವಕಪ್ ಅರ್ಹತಾ ಸುತ್ತು, ಮೆಕ್ಸಿಕೊ ವಿರುದ್ಧ. ಅವನ ಅಪ್ಪ ಅಮ್ಮ ಮೂಲತಃ ಮೆಕ್ಸಿಕೊದವರು. ಆ ಎತ್ತರದ ಊರಿನ ತೆಳು ಗಾಳಿ, ಕಿವಿಗಡಚಿಕ್ಕುವ ಗದ್ದಲ, ಮೇಲಿಂದ ಮೇಲೆ ಬರುವ ದಾಳಿ. ಇನ್ನೊಬ್ಬ ಡಿಫೆಂಡರ್ ಮ್ಯಾಟ್ ಬೆಸ್ಲರ್ ಜೊತೆ ನಿಂತು ಒಂದೂ ಗೋಲು ಬಿಡಲಿಲ್ಲ, 0-0. ಆ ಸೊನ್ನೆಗೆ ಎಷ್ಟು ಬೆಲೆ ಅನ್ನೋದು ನೋಡಿದವರಿಗೇ ಗೊತ್ತು. ಮರುವರ್ಷದ ವಿಶ್ವಕಪ್‌ನಲ್ಲಿ ಜರ್ಮನಿ, ಬೆಲ್ಜಿಯಂ ವಿರುದ್ಧವೂ ಇದೇ ಜೋಡಿ ಆಡಿತು. 2014ರಲ್ಲೇ ಗ್ಯಾಲಕ್ಸಿ ಜೊತೆ ಮೂರನೇ ಕಪ್, ಆಮೇಲೆ ಮೆಕ್ಸಿಕೊದ ಪಚೂಕಾ ಕ್ಲಬ್, ಅಲ್ಲೂ 2016ರಲ್ಲಿ ಲೀಗ್ ಪ್ರಶಸ್ತಿ.

ಇಷ್ಟೆಲ್ಲ ಇದ್ದೂ, ಅವನ ಹೆಸರೆತ್ತಿದರೆ ಆಫೀಸಿನಲ್ಲಿ ಕೇಳೋದು ಒಂದೇ: "ಓನ್ ಗೋಲ್ ಹೊಡೆದವನು ಅಲ್ವಾ?" 2017ರ ಅಕ್ಟೋಬರ್ 10, ಟ್ರಿನಿಡಾಡ್‌ನ ಕೂವಾ, ವಿಶ್ವಕಪ್ ಅರ್ಹತಾ ಸುತ್ತಿನ ಕೊನೆಯ ಪಂದ್ಯ. ಅಮೆರಿಕಕ್ಕೆ ಡ್ರಾ ಆಗಿದ್ದರೂ ಸಾಕಿತ್ತು. 17ನೇ ನಿಮಿಷದಲ್ಲಿ ಮೈದಾನದ ಬದಿಯಿಂದ ಬಂದ ಕ್ರಾಸ್‌ಗೆ ಒಮರ್ ಕಾಲು ಚಾಚಿದ. ಚೆಂಡು ಸಿಡಿದು, ತನ್ನದೇ ತಂಡದ ಗೋಲ್‌ಕೀಪರ್ ಟಿಮ್ ಹೋವರ್ಡ್ ತಲೆ ಮೇಲಿಂದ ಬಲೆಗೆ ಬಿತ್ತು. ಅಮೆರಿಕ 1-2ರಿಂದ ಸೋತಿತು. 1986ರ ನಂತರ ಮೊದಲ ಬಾರಿ ವಿಶ್ವಕಪ್ ತಪ್ಪಿತು. ಮರುದಿನ ಅವನ ಹುಟ್ಟುಹಬ್ಬ.

ಅವನು ಕಾಲು ಚಾಚಿದ್ದು ತಪ್ಪಲ್ಲ ಅಂತ ನಾನು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಚಾಚದೆ ಸುಮ್ನೆ ನಿಂತಿದ್ದರೆ ಅವನ ಹೆಸರು ಕೆಡುತ್ತಿರಲಿಲ್ಲ, ಅಷ್ಟೇ. ಎರಡನೇ ಗೋಲು ದೂರದಿಂದ ಹೊಡೆದದ್ದು, ಅದಕ್ಕೆ ಅವನು ಹೊಣೆಯೇ ಅಲ್ಲ. ಆ ಅರ್ಹತಾ ಸುತ್ತಿನಲ್ಲಿ ತಂಡ ಕಳೆದುಕೊಂಡ ಅಂಕಗಳು ಬೇಕಾದಷ್ಟಿದ್ದವು. ಕೊನೆಗೆ ಎಲ್ಲವನ್ನೂ ಒಬ್ಬನ ತಲೆಗೆ ಕಟ್ಟಿದ್ದು ಅನ್ಯಾಯ.

ಅವನು ಆಟ ಬಿಡಲಿಲ್ಲ. ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದೇಶಗಳು ಆಡುವ 2019ರ ಗೋಲ್ಡ್ ಕಪ್‌ಗೆ ದೇಶದ ತಂಡ ಮತ್ತೆ ಕರೆಯಿತು. ಟೊರಾಂಟೊ, ನ್ಯೂ ಇಂಗ್ಲೆಂಡ್ ತಂಡಗಳಿಗೆ ಆಡಿ, 2024ರಲ್ಲಿ ತವರಿನ ಎಫ್‌ಸಿ ಡಲ್ಲಾಸ್‌ಗೆ ಬಂದ. ಡೆಲಗಾರ್ಜಾ, ಜೂಸಿ ಇಬ್ಬರೂ ಆಗಲೇ ಆಟ ನಿಲ್ಲಿಸಿದ್ದರು. ಒಮರ್ 2025ರಲ್ಲಿ ಶಿಕಾಗೊ ಫೈರ್ ಸೇರಿಕೊಂಡ.