ಬೆಟ್ಟಿ ಲವೆಟ್ ಕೇಳ್ತಾ ಒಂದು ಶನಿವಾರ

14 ಸೆಪ್ಟೆಂಬರ್ 2024, ಶನಿವಾರ

ಬೆಳಗ್ಗೆ ಪಾತ್ರೆ ತೊಳೀತಾ ಅಮೆರಿಕದ ಗಾಯಕಿ ಬೆಟ್ಟಿ ಲವೆಟ್ ಅವರ 2005ರ ಆಲ್ಬಮ್ ಹಾಕ್ದೆ, ‘ಐವ್ ಗಾಟ್ ಮೈ ಓನ್ ಹೆಲ್ ಟು ರೈಸ್’. ಮೊದಲನೇ ಹಾಡಲ್ಲಿ ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ, ಬರೀ ಗಂಟಲು, ನಲ್ಲಿ ನಿಲ್ಸಿ ಕೇಳ್ಬೇಕಾಯ್ತು. ಐರ್ಲೆಂಡಿನ ಗಾಯಕಿ ಸಿನೇಡ್ ಒಕಾನರ್ ಹಾಡದು, ಅವ್ರೂ ವಾದ್ಯ ಇಲ್ದೇನೇ ಹಾಡಿದ್ರು, ಆದ್ರೆ ಅಲ್ಲಿ ಅದು ಪ್ರಾರ್ಥನೆ, ಇಲ್ಲಿ ಈಯಮ್ಮ ಕೋರ್ಟಲ್ಲಿ ನಿಂತು ಸಾಕ್ಷಿ ಹೇಳ್ದಂಗಿದೆ.

ಹೇಳೋಕೆ ಬೇಕಾದಷ್ಟಿತ್ತು ಬಿಡಿ. ಡೆಟ್ರಾಯಿಟ್ ಹುಡುಗಿ, 1962ರಲ್ಲಿ 16ನೇ ವಯಸ್ಸಿಗೇ ಮೊದಲ ರೆಕಾರ್ಡ್ ಹಿಟ್. ಆಮೇಲೆ 1972ರಲ್ಲಿ ಅಟ್ಲಾಂಟಿಕ್ ಅನ್ನೋ ರೆಕಾರ್ಡ್ ಕಂಪನಿಗೆ ಅಂತ ಅಲಬಾಮಾದ ಮಸಲ್ ಶೋಲ್ಸಿಗೆ ಹೋಗಿ ಪೂರ್ತಿ ಆಲ್ಬಮ್ ಹಾಡಿ ಬಂದ್ರು, ಕಂಪನಿ ಅದನ್ನ ಹೊರಗೇ ಬಿಡ್ಲಿಲ್ಲ. ಆಮೇಲೆ ಸಣ್ಣಪುಟ್ಟ ಕ್ಲಬ್ಬುಗಳು, ಕೆಲವು ವರ್ಷ ಒಂದು ಮ್ಯೂಸಿಕಲ್ ನಾಟಕ, 1982ರಲ್ಲಿ ಮೋಟೌನ್ ಅನ್ನೋ ಇನ್ನೊಂದು ರೆಕಾರ್ಡ್ ಕಂಪನಿಗೆ ಒಂದು ಆಲ್ಬಮ್. 1972ರ ಆ ಹಳೇ ಟೇಪನ್ನ ಫ್ರಾನ್ಸಿನ ಒಬ್ಬ ರೆಕಾರ್ಡ್ ಹುಚ್ಚ ಹುಡುಕಿ ತೆಗೆದು 2000ದಲ್ಲಿ ಬಿಡುಗಡೆ ಮಾಡಿದ್ಮೇಲೇನೇ ಜನ ಮತ್ತೆ ತಿರುಗಿ ನೋಡಿದ್ದು!

2005ರದ್ದು ಜೋ ಹೆನ್ರಿ ಪ್ರೊಡ್ಯೂಸ್ ಮಾಡಿದ್ದು, ಹಾಡೆಲ್ಲ ಹೆಂಗಸರೇ ಬರೆದಿದ್ದು. ಲುಸಿಂಡಾ ವಿಲಿಯಮ್ಸ್ ಹಾಡಲ್ಲಿ ಮೂಲದ ಊರುಗಳನ್ನ ತೆಗೆದು ತಾನು ಅಲೆದ ಡೆಟ್ರಾಯಿಟ್, ಮಸಲ್ ಶೋಲ್ಸ್ ಸೇರಿಸ್ಕೊಂಡಿದ್ದಾರೆ, ಅಲ್ಲಿಗೆ ಹಾಡು ಅವರದ್ದೇ ಆಗೋಯ್ತು. ಡಾಲಿ ಪಾರ್ಟನ್ ಹಾಡು ಮಾತ್ರ ನಂಗೆ ಅಷ್ಟು ಹಿಡಿಸ್ಲಿಲ್ಲ.

ಆದ್ರೆ ನನ್ನ ಓಟು 2007ರ ‘ದ ಸೀನ್ ಆಫ್ ದ ಕ್ರೈಮ್’ಗೆ, ಅಂದ್ರೆ ‘ಅಪರಾಧ ನಡೆದ ಜಾಗ’. ಯಾವ ಊರಲ್ಲಿ ಹಾಡಿದ್ದು ಗೋದಾಮು ಸೇರ್ತೋ ಅದೇ ಮಸಲ್ ಶೋಲ್ಸಿಗೆ ವಾಪಸ್ ಹೋಗಿ ಫೇಮ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ ಈ ಹೆಸರಿಟ್ರಲ್ಲ, ಅದಕ್ಕೇ ಅರ್ಧ ಮಾರ್ಕ್ಸ್. ಜೊತೆಗೆ ಡ್ರೈವ್-ಬೈ ಟ್ರಕರ್ಸ್ ಬ್ಯಾಂಡು, ಅದರ ಪ್ಯಾಟರ್ಸನ್ ಹುಡ್ ಅವರಪ್ಪ ಡೇವಿಡ್ ಹುಡ್ 1972ರಲ್ಲೂ ಬಾಸ್ ಗಿಟಾರ್ ನುಡಿಸಿದ್ರು, ಇಲ್ಲೂ ಬಂದು ನುಡಿಸಿದ್ದಾರೆ. ಸ್ಟುಡಿಯೋದಲ್ಲಿ ಈಯಮ್ಮ ಆಡ್ತಿದ್ದ ಮಾತುಗಳನ್ನೇ ಪ್ಯಾಟರ್ಸನ್ ಗುರುತು ಹಾಕ್ಕೊಂಡು ಹೋಗಿ ಇಬ್ರೂ ಸೇರಿ ಒಂದು ಹಾಡು ಮಾಡಿದ್ರು, ದುಡ್ಡು ಬರೋ ಮುಂಚಿನ ಕಷ್ಟದ ಹಾಡು, ಅದ್ರಲ್ಲಿ ಅಳು ಒಂಚೂರೂ ಇಲ್ಲ, ಬರೀ ಬೈಗುಳದ ಖದರು.

ಸಂಜೆ ಆ 1972ರದ್ದನ್ನೂ ಕೇಳ್ದೆ. ಚೆನ್ನಾಗಿದೆ, ಆವಾಗ್ಲೇ ಬಂದಿದ್ರೆ ಓಡ್ತಿತ್ತೇನೋ. ಆದ್ರೆ 26ರ ದನಿ ಸಾಲಿನ ಕೊನೇವರೆಗೂ ತುಂಬ್ಕೊಂಡು ಹೋಗತ್ತೆ, 60ರ ದನಿ ಮಧ್ಯದಲ್ಲೇ ಒಡೆದು, ಕೊನೇ ಪದ ನುಂಗಿ, ನಿಂತುಬಿಡತ್ತೆ. ನಂಗೆ ಬೇಕಿರೋದು ಆ ನಿಲ್ಲೋದೇ. ಹಂಗಂತ ಆ 33 ವರ್ಷ ಕಾಯ್ಸಿದ್ದು ಒಳ್ಳೇದೇ ಆಯ್ತು ಅಂತ ಯಾರಾದ್ರೂ ಅಂದ್ರೆ ಮಾತ್ರ ನಾನು ಜಗಳಕ್ಕೆ ರೆಡಿ.